ಅಕ್ಕಿ ತಾಟಿನ ಭಾಗ್ಯಶ್ರೀ

ನಾನು ಯಾರನ್ನೂ ನಂಬೋದಿಲ್ಲ. ಇದನ್ನ ಜಂಬದಿಂದಲೇ ಹೇಳ್ತೇನಿ. ಹಾಲಿನವ ಹಾಲು ಹಾಕಿದ್ರ ಉಗುರಿನ ಮ್ಯಾಲ ಒಂದು ಹನಿ ಬಿಟ್ಟು, ನಿಲ್ತದೋ ಹರೀತದೋ ನೋಡ್ತೇನಿ. ಕಂಡಕ್ಟರ್ 'ಸೀಟ್ ಖಾಲಿ ಅದ, ಕೂಡ್ರಿ' ಅಂದ್ರ, ಇಷ್ಟು ಮಂದಿ ನಿಂತಿರುವಾಗ ಅದೊಂದೇ ಯಾಕ ಖಾಲಿ ಉಳೀತು ಅಂತ ಬಗ್ಗಿ ನೋಡಿ ಆಮ್ಯಾಲ ಕೂಡ್ತೇನಿ. ಭಾಲ್ಕಿ ಬಸ್ ಸ್ಟ್ಯಾಂಡ್ ಹತ್ರ ನಂದು ನೀರಿನ ಪೈಪಿನ ಅಂಗಡಿ. ಹತ್ತೊಂಬತ್ತು ವರ್ಷದಾಗ ಒಬ್ಬನೂ ನನಗ ಟೋಪಿ ಹಾಕಿಲ್ಲ. ಇಂಥಾ ಹುಷಾರ ಮನುಷ್ಯಾ ತನಗ ತಾನೇ ಟೋಪಿ ಹಾಕ್ಕೊಂಡ ಕತಿ ಇದು.

ನನ್ನ ಹೆಂಡ್ತಿ ಸುಮಿತ್ರಾ ದನದ ಡಾಕ್ಟರು. ಔರಾದ ಕಡಿ ಒಂದು ಊರಿನ ದನದ ದವಾಖಾನಿ ಒಳಗ ಹನ್ನೊಂದು ವರ್ಷದಿಂದ ನೌಕರಿ. ಮುಂಜಾನಿ ಮೊದಲನೇ ಬಸ್ಸಿಗೆ ಹೋದ್ರ ದೀಪ ಹಚ್ಚೋ ಹೊತ್ತಿಗೆ ಮನಿ. ಅಲ್ಲಿ ಬೋರ್ಡಿನ ಮ್ಯಾಲ 'ಡಾ. ಸುಮಿತ್ರಾ ಬಿರಾದಾರ' ಅಂತ ಬರೆದದ. ಬಿರಾದಾರ ಅನ್ನೋದು ಅಕಿ ತವರುಮನಿ ಹೆಸರು. ನಾನು ವೈಜಿನಾಥ ಮೂಲಗೆ. ಲಗ್ನ ಆಗಿ ಹದಿನಾಕು ವರ್ಷ ಆದ್ರೂ ನಾನು ಈ ಬೋರ್ಡಿನ ವಿಚಾರ ಮಾಡಿದವನೇ ಅಲ್ಲ. ಸಂಶಯದ ಮನುಷ್ಯಾಗೆ ಇದು ದೊಡ್ಡ ಅವಮಾನ ಅಲ್ಲೇನ್ರಿ? ಮನಿ ಒಳಗೇ ಇಷ್ಟು ದೊಡ್ಡ ಸಂಶಯ ಬಿದ್ದಿತ್ತು, ನಾನು ಎಡವಿರಲೇ ಇಲ್ಲ!

ಎಡವಿಸಿದವರು ಬಾಜೂ ಅಂಗಡಿ ಟೇಲರ್ ಮೆಹಬೂಬ ಭಾಯಿ. ಒಂದು ದಿನ ಔರಾದ ಬಸ್ಸಿನವರು ನನ್ನ ಅಂಗಡಿಗೆ ಒಂದು ಕಾರ್ಡ್ ತಂದು ಕೊಟ್ರು. ಅಲ್ಲಿ ರೈತರು ಸೇರಿ 'ಡಾ. ಸುಮಿತ್ರಾ ಬಿರಾದಾರ ಇವರಿಗೆ ಸನ್ಮಾನ' ಇಟ್ಟಿದ್ರು. ಮೆಹಬೂಬ ಭಾಯಿ ಕಾರ್ಡ್ ತಿರುವಿ ಮರುವಿ ನೋಡಿ ಕೇಳಿದ್ರು.

"ಸೇಠ್, ಇದರಾಗ ನಿಮ್ಮ ಹೆಸರು ಎಲ್ಲದರಿ?"

"ನಂದ್ಯಾಕ ಇರ್ತದ? ಸನ್ಮಾನ ಅಕಿದು."

"ಅಲ್ಲರಿ, ಭಾಭಿ ಹೆಸರಿನ ಮುಂದ. ಮೂಲಗೆ ಅಂತ ಇರಬೇಕಲ್ಲ?"

ಅಷ್ಟ ಅಂದು ಅವರು ಹೋಗಿ ಶರ್ಟಿಗೆ ಕಾಜಾ ಹಾಕ್ಕೊಂತ ಕೂತ್ರು. ನನ್ನ ತಲಿ ಒಳಗ ಮಷೀನ್ ಶುರು ಆಯ್ತು. ಹೌದಲ್ಲ! ಮೂಲಗೆ ಯಾಕಿಲ್ಲ? ಲಗ್ನ ಆಗಿದ್ದು ಮುಚ್ಚಿ ಇಡ್ಲಿಕತ್ತಾಳೇನು? ಯಾರಿಂದ ಮುಚ್ಚಿ ಇಡ್ತಾಳ? ಅಕಿ ಹತ್ರ ಬರೋರೆಲ್ಲಾ ಎಮ್ಮಿ, ಆಕಳು, ಆಡು. ಎಮ್ಮಿಗಳಿಂದ ಮುಚ್ಚಿಟ್ಟು ಏನು ಲಾಭ? ಅಂದ್ರ ಎಮ್ಮಿ ಹಿಂದ ಬರೋ ಮಂದಿಯಿಂದ. ಅಂದು ಗಿರಾಕಿ ಅರ್ಧ ಇಂಚಿನ ಪೈಪ್ ಕೇಳಿದ್ರ ಎರಡು ಇಂಚಿಂದು ಕೊಯ್ದು ಕೊಟ್ಟೆ.

ಮನಿಗೆ ಬಂದು ಚಾ ಕುಡಿಯೋವಾಗ ಸಹಜ ಕೇಳಿದಂಗ ಕೇಳಿದೆ.

"ಸುಮಿತ್ರಾ, ನೀ ನೌಕರಿ ಒಳಗ ನಮ್ಮ ಮನಿ ಹೆಸರು ಯಾಕ ಹಾಕ್ಕೊಂಡಿಲ್ಲ?"

ಅಕಿ ಕೈಗೆ ಕೊಬ್ಬರಿ ಎಣ್ಣಿ ಹಚ್ಕೊಳ್ಳಿಕತ್ತಿದ್ಲು. ದಿನಾ ಇಡೀ ಕೈ ಸಾಬೂನಿನಿಂದ ತೊಳೆದು ತೊಳೆದು ಚರ್ಮ ಬಿರಿತದ ಅಕಿದು.

"ಯಾಕಂದ್ರ ಡಿಗ್ರಿ ಆ ಹೆಸರಿಗೆ ಅದ. ನಮ್ಮಪ್ಪ ನಾಕು ಗಂಟಿಗೆ ಎದ್ದು ಸೈಕಲ್ ಹೊಡೆದು ನನಗ ಬೀದರ ಬಸ್ಸಿಗೆ ಬಿಡ್ತಿದ್ದ. ನೀವು ಅವಾಗ ಎಲ್ಲಿದ್ರಿ?"

"ಮಲಗಿದ್ದೆ."

"ಮತ್ತ?"

ಉತ್ತರ ನೆಟ್ಟಗಿತ್ತು. ಅದಕ್ಕೇ ನನಗ ಇನ್ನಾ ಸಂಶಯ ಬಂತು. ಇಷ್ಟು ಲಗು ಉತ್ತರ ಯಾರು ಕೊಡ್ತಾರ? ಮೊದಲೇ ತಯಾರಿ ಮಾಡಿ ಇಟ್ಟವರು!

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಮೂಲ ಊರು ಮೆಹಕರ. ಮಹಾರಾಷ್ಟ್ರ ಗಡಿ ಅಲ್ಲಿಂದ ಕೂಗಿದ್ರ ಕೇಳಿಸ್ತದ. ಹೊಸ ಸೊಸಿ ಮನಿ ತುಂಬಿದ ದಿನ ತಾಟಿನಾಗ ಅಕ್ಕಿ ಹರವಿ, ಮದುಮಗ ಉಂಗುರದಿಂದ ಅದರಾಗ ಸೊಸಿಗೆ ಹೊಸ ಹೆಸರು ಬರೆಯೋ ಪದ್ಧತಿ ನಮ್ಮ ಮನಿತನದಾಗ ಅದ. ನಾನು ಬರೆದಿದ್ದೆ, 'ಭಾಗ್ಯಶ್ರೀ'. ಹೆಸರು ಆರಿಸಿದಾಕಿ ನಮ್ಮವ್ವ. ಅದೇ ಉಮೇದಿನಾಗ ರೇಷನ್ ಕಾರ್ಡಿನಾಗೂ ಭಾಗ್ಯಶ್ರೀ ಅಂತಲೇ ಸೇರಿಸಿಬಿಟ್ಟಿದ್ದೆ. ಮುಂದ ಆ ಹೆಸರಿಂದ ಅಕಿಗೆ ಯಾರೂ ಕರೀಲಿಲ್ಲ. ಯಾಕಂದ್ರ ತಿಂಗಳೊಳಗ ನಮ್ಮವ್ವನ ಎಮ್ಮಿ ಈಯಲಾರದ ಒದ್ದಾಡ್ಲಿಕತ್ತು. ಹೊಸ ಸೊಸಿ ಸೀರಿ ಸೆರಗ ಕಟ್ಟಿ, ಭುಜದ ತನಕ ಕೈ ಹಾಕಿ ಕರ ಹೊರಗ ತೆಗೆದ್ಲು. ಅವತ್ತಿನಿಂದ ಅವ್ವನ ಬಾಯಾಗ 'ಡಾಕ್ಟರವ್ವ' ಅಂತಲೇ.

ಈಗ ಕತಿಗೆ ಬರ್ತೇನಿ. ಅದೇ ವಾರ ಅಕಿ ಬಡ್ತಿ ಫೈಲ್ ಬೀದರದ ದೊಡ್ಡ ಆಫೀಸಿಗೆ ಕೊಡೋದಿತ್ತು. ಭಾಲ್ಕಿ ಒಳಗೇ ಒಂದು ದೊಡ್ಡ ಹುದ್ದಿ ಖಾಲಿ ಇತ್ತು. ಸಿಕ್ಕಿದ್ರ ಹನ್ನೊಂದು ವರ್ಷದ ಬಸ್ ತಪ್ಪತಿತ್ತು. ಮನಿಯಿಂದ ನಡಕೊಂಡು ಹೋಗಬಹುದಿತ್ತು. ಪಟ್ಟಿ ಒಳಗ ಅಕಿದೇ ಮೊದಲ ಹೆಸರು. ಆದ್ರ ಅವಾಗ ದನಗಳಿಗೆ ಕಾಲುಬಾಯಿ ಬ್ಯಾನಿ ಲಸಿಕಿ ನಡೆದಿತ್ತು, ಅಕಿಗೆ ರಜಾ ಇಲ್ಲ.

"ಸೋಮವಾರ ಈ ಫೈಲ್ ಕೊಟ್ಟು ಬರ್ರಿ" ಅಂದ್ಲು. "ಕೊಟ್ಟು, ರಶೀದಿ ತಗೊಂಡು, ಬರ್ರಿ. ನಡುವ ಏನೂ ಮಾಡಬ್ಯಾಡ್ರಿ."

ನಡುವ ಏನೂ ಮಾಡಬ್ಯಾಡ್ರಿ! ನೋಡ್ರಿ, ಇಂಥಾ ಮಾತಿಗೆ ಯಾರಿಗೆ ಸಂಶಯ ಬರೋದಿಲ್ಲ? ಬೀದರ ಬಸ್ಸಿನಾಗ ಫೈಲ್ ತೆಗೆದು ಒಂದೊಂದೇ ಹಾಳಿ ತಪಾಸಣಿ ಮಾಡಿದೆ. ಮೂರನೇ ಹಾಳಿ ಒಳಗ ಸಿಕ್ತು. 'ವಿವಾಹಾನಂತರ ಹೆಸರು ಬದಲಾಗಿದ್ದಲ್ಲಿ ವಿವರ.' ಮುಂದ ಅಕಿ ಪೆನ್ನಿನಿಂದ ಒಂದು ಅಡ್ಡ ಗೆರಿ ಎಳೆದಿದ್ಲು. ಬರೇ ಗೆರಿ! ನಾನು, ನಮ್ಮಪ್ಪ, ನಮ್ಮ ಮುತ್ಯಾ, ಇಡೀ ಮೂಲಗೆ ಮನಿತನ ಒಂದು ಗೆರಿ ಕೆಳಗ!

ಸರ್ಕಾರದಿಂದ ಖರೇ ಸಂಗತಿ ಮುಚ್ಚಿಡೋದು ಅಪರಾಧ ಅಂತ ನನ್ನ ಆತ್ಮಸಾಕ್ಷಿ ನುಡೀತು. ಆ ಗೆರಿ ಮ್ಯಾಲೇ ದಪ್ಪ ಅಕ್ಷರದಾಗ 'ಶ್ರೀಮತಿ ಭಾಗ್ಯಶ್ರೀ ವೈಜಿನಾಥ ಮೂಲಗೆ' ಅಂತ ಬರೆದೆ. ಬಸ್ ಕುಣೀಲಿಕತ್ತಿತ್ತು, ಅಕ್ಷರನೂ ಕುಣಿದ್ವು. ಬೀದರದಾಗ ಇಳಿದು, ಯಾವಾಗಲೂ ಕಿಸೆದಾಗ ಇಟ್ಕೊಂಡಿರೋ ರೇಷನ್ ಕಾರ್ಡಿನ ಝೆರಾಕ್ಸ್ ತೆಗೆಸಿ ಜೋಡಿಸಿದೆ. ಅದರ ಮ್ಯಾಲ 'ಸ್ವಯಂ ದೃಢೀಕರಿಸಿದೆ' ಅಂತ ಅಕಿ ಸಹಿ ಇರಬೇಕಿತ್ತು. ಅಕಿ ಇರಲಿಲ್ಲ. ನಾನೇ ಸಹಿ ಮಾಡಿದೆ.

ಆಫೀಸಿನ ಗುಮಾಸ್ತ ದಪ್ಪ ಗಾಜಿನ ಚಾಳೀಸಿನ ಮನುಷ್ಯಾ. ಹಾಳಿ ತಿರುವಿ ಮೂರನೇದಕ್ಕ ನಿಂತ.

"ಸುಮಿತ್ರಾ ಬಿರಾದಾರ ಅಂದ್ರ ಯಾರ್ರಿ?"

"ನನ್ನ ಹೆಂಡ್ತಿ."

"ಭಾಗ್ಯಶ್ರೀ ಮೂಲಗೆ?"

"ಅಕಿನೂ ನನ್ನ ಹೆಂಡ್ತಿ."

ಅವ ಚಾಳೀಸ್ ತೆಗೆದ. ಸಣ್ಣ ದನಿ ಮಾಡಿ ಕೇಳಿದ. "ಇದು ಮೇಡಂ ಅವರಿಗೆ ಗೊತ್ತದೇನ್ರಿ?"

ಇವ ಏನೋ ಬಾಯಿ ಬಿಡಿಸ್ಲಿಕತ್ತಾನ ಅಂತ ನಾನು ಹುಷಾರ ಆದೆ. ಹೆಚ್ಚಿಗೆ ಮಾತಾಡಬಾರದು ಅಂತ ಚುಟುಕು ಉತ್ತರ ಕೊಟ್ಟೆ.

"ಇಲ್ಲ. ಅಕಿಗೆ ಹೇಳಿಲ್ಲ. ಸರ್ಪ್ರೈಜ್ ಅದ!"

ಅವ ರಶೀದಿ ಕೊಟ್ಟ. ನಾನು ರಶೀದಿ ಬೆಳಕಿಗೆ ಹಿಡಿದು ಅಸಲಿ ಅದನೋ ನಕಲಿ ಅದನೋ ನೋಡಿ, ಸಮಾಧಾನ ಆಗಿ ಮನಿಗೆ ಬಂದೆ.

ಎಂಟು ದಿನಕ್ಕ ಸುಮಿತ್ರಾನ ಹೆಸರಿಗೆ ಪತ್ರ ಬಂತು. ಅಕಿ ಅಡಗಿಮನಿ ಒಳಗ ನಿಂತು ಓದಿದ್ಲು. 'ತಮ್ಮ ಪತಿಯವರು ಖುದ್ದಾಗಿ ಹಾಜರಾಗಿ, ಶ್ರೀಮತಿ ಭಾಗ್ಯಶ್ರೀ ಎಂಬ ಇನ್ನೋರ್ವ ಪತ್ನಿ ಇರುವುದಾಗಿಯೂ, ಸದರಿ ವಿಷಯವನ್ನು ತಮಗೆ ತಿಳಿಸದೇ ಇರುವುದಾಗಿಯೂ, ಮುಂದೆ ಅನಿರೀಕ್ಷಿತವಾಗಿ ತಿಳಿಸುವ ಉದ್ದೇಶ ಹೊಂದಿರುವುದಾಗಿಯೂ ಮೌಖಿಕವಾಗಿ ಒಪ್ಪಿಕೊಂಡಿರುತ್ತಾರೆ. ಸ್ಪಷ್ಟೀಕರಣ ಬರುವವರೆಗೆ ತಮ್ಮ ಬಡ್ತಿ ಪ್ರಸ್ತಾವನೆಯನ್ನು ತಡೆಹಿಡಿಯಲಾಗಿದೆ.'

ಸುಮಿತ್ರಾ ಸಿಟ್ಟಿಗೆ ಬಂದ್ರ ಒದರ್ತಾಳ. ಒದರಿದ್ರ ನನಗ ಧೈರ್ಯ ಇರ್ತದ. ಅಂದು ಒದರಲಿಲ್ಲ. ಪತ್ರ ಮಡಿಚಿ ಉಪ್ಪಿನ ಡಬ್ಬಿ ಕೆಳಗ ಇಟ್ಲು.

"ನಡುವ ಏನು ಮಾಡಿದ್ರಿ?" ಅಂದ್ಲು.

ಹೇಳಿದೆ. ಎಲ್ಲಾ ಹೇಳಿದೆ. ಸ್ವಯಂ ಸಹಿ ಮಾಡಿದ್ದನ್ನೂ ಹೇಳಿದೆ.

"ಹನ್ನೊಂದು ವರ್ಷ ಬಸ್ಸಿನ ಕಂಬಿ ಹಿಡಿದು ನಿಂತು ಹೋಗೀನಿರಿ" ಅಂದ್ಲು. "ಹದಿನೈದು ದಿನ ಕೊಟ್ಟಾರ. ಕೆಡಿಸಿದವರು ನೀವು, ಸರಿ ಮಾಡೋರೂ ನೀವೇ."

ಆ ಇಬ್ಬರು ಹೆಂಡಂದಿರೂ ಒಬ್ಬಾಕಿನೇ ಅಂತ ನೌಕರಿ ಊರಿನ ಇಬ್ಬರು, ಮನಿಯ ಹಿರಿಯರು ಒಬ್ಬರು ಸಾಕ್ಷಿ ಹೇಳಬೇಕು ಅಂತ ಪತ್ರದಾಗ ಇತ್ತು. ಇದೇನು ದೊಡ್ಡ ಕೆಲಸ? ಮರುದಿನವೇ ಅಂಗಡಿ ಮುಚ್ಚಿ ಔರಾದ ಬಸ್ ಹತ್ತಿದೆ. ನಿಂತೇ ಹೋದೆ. ಸೀಟ್ ಸಿಗಲಿಲ್ಲ. ಒಂದೂವರಿ ತಾಸಿನಾಗ ನನ್ನ ಮೊಣಕಾಲು ಅಲ್ಲಾಡ್ಲಿಕತ್ತು.

ಸೀದಾ ಹೋಗಿ 'ನಾನು ಡಾಕ್ಟರ್ ಗಂಡ' ಅಂದಿದ್ರ ಕತಿ ಮುಗೀತಿತ್ತು. ಆದ್ರ ನನ್ನ ಬುದ್ಧಿ ಬಿಡ್ತದೇನು? ಗಂಡ ಅಂತ ಗೊತ್ತಾಗದಂಗ ಮಂದಿ ಅಕಿ ಬಗ್ಗೆ ಏನು ಮಾತಾಡ್ತಾರ ಸ್ವಲ್ಪ ಕೇಳೋಣ ಅನಿಸ್ತು. ಮುಖಕ್ಕ ಟವೆಲ್ ಸುತ್ತಿಕೊಂಡು ದವಾಖಾನಿ ಮುಂದ ನಿಂತೆ. ಗಂಗೂಬಾಯಿ ಅನ್ನೋ ಮುದುಕಿ ಎಮ್ಮಿ ಹಿಡಕೊಂಡು ಕೂತಿದ್ಲು.

"ಆಯಿ, ಇಲ್ಲಿ ಡಾಕ್ಟರ್ ಭಾಗ್ಯಶ್ರೀ ಅಂತ ಅದಾರೇನು?"

"ಇಲ್ಲ. ಇಲ್ಲಿ ಬಿರಾದಾರ ಮೇಡಂ ಅದಾರ."

"ಅವರೇ ಇವರು."

"ಅವರು ಅವರೇ. ಇವರು ಯಾಕಾಗ್ತಾರ?"

"ಇರಲಿ. ಮೇಡಂ ಎಷ್ಟೊತ್ತಿಗೆ ಬರ್ತಾರ? ಒಬ್ಬರೇ ಬರ್ತಾರೋ, ಯಾರರ ಜೋಡಿ ಇರ್ತಾರೋ? ಹೊಳ್ಳಿ ಹೋಗೋವಾಗ ಯಾವ ದಾರಿ ಹಿಡೀತಾರ?"

ಗಂಗೂಬಾಯಿ ಎಮ್ಮಿ ಹಗ್ಗ ಬಿಟ್ಟು ಎದ್ದು ನಿಂತ್ಲು.

"ಮಾಣಿಕಪ್ಪಾ! ಬಾರೋ ಇಲ್ಲೆ! ಯಾವನೋ ಮುಖ ಮುಚ್ಕೊಂಡು ನಮ್ಮ ಮೇಡಂನ ದಾರಿ ಕೇಳ್ಲಿಕತ್ತಾನ!"

ಮಾಣಿಕಪ್ಪ ಅಂದ್ರ ದವಾಖಾನಿ ಜವಾನ. ಹೋರಿ ಹಿಡಿದು ಹಿಡಿದು ಅವನ ಕೈ ಹೋರಿ ಕಾಲಿನಂಗ ಆಗಿದ್ವು. ಅವನ ಹಿಂದ ಹತ್ತು ಮಂದಿ ಬಂದ್ರು. ನಾನು ಟವೆಲ್ ಕಿತ್ತೊಗೆದು, "ನಾನು ಮೇಡಂ ಗಂಡರೀ!" ಅಂತ ಒದರಿದೆ.

"ಹೆಸರು?"

"ವೈಜಿನಾಥ ಮೂಲಗೆ."

"ಮೇಡಂ ಬಿರಾದಾರ, ಗಂಡ ಮೂಲಗೆ ಹ್ಯಾಂಗ?" ಅಂದ್ಲು ಗಂಗೂಬಾಯಿ. "ಸುಳ್ಳು ಹೇಳೋದಾದ್ರ ನೆಟ್ಟಗ ಹೇಳಬೇಕು!"

ನೋಡ್ರಿ, ನನ್ನ ಪ್ರಶ್ನೆ ತಿರುಗಿ ನನ್ನ ಕೊರಳಿಗೇ ಬಂತು. ಆಧಾರ್ ಕಾರ್ಡ್ ತೋರಿಸಿದೆ. ಅದರಾಗ ನನ್ನ ಹೆಸರು ಇತ್ತು, ಅಕಿದು ಇರಲಿಲ್ಲ. ರೇಷನ್ ಕಾರ್ಡ್ ತೋರಿಸಿದೆ. ಅದರಾಗ ಭಾಗ್ಯಶ್ರೀ ಇದ್ಲು. "ಇವನಿಗೆ ಬ್ಯಾರೇ ಹೆಂಡ್ತಿನೂ ಅದಾಳ, ಆದ್ರೂ ನಮ್ಮ ಮೇಡಂನ ಹಿಂದ ಬಿದ್ದಾನ!" ಅಂತ ಕೂಗು ಎದ್ದಿತು. ಇಂಜೆಕ್ಷನ್ ಕೊಡುವಾಗ ದನ ನಿಲ್ಲಿಸೋ ಕಬ್ಬಿಣದ ಕಟಕಟಿ ಇರ್ತದಲ್ಲ, ಅದರಾಗ ನನಗ ನಿಲ್ಲಿಸಿ ಹಿಂದಿನ ಅಡ್ಡ ಸಳಿ ಹಾಕಿದ್ರು. ಪಕ್ಕದಾಗ ಗಂಗೂಬಾಯಿ ಎಮ್ಮಿ. ಅದೂ ನನ್ನ ಮುಖ ನೋಡಿ ಒಂದು ಹೆಜ್ಜಿ ಹಿಂದ ಸರೀತು.

ಫೋನ್ ಹಚ್ಚಿದ್ರ ಸುಮಿತ್ರಾ ಎತ್ತಲಿಲ್ಲ. ಎರಡು ತಾಸಿಗೆ ಲಸಿಕಿ ಡಬ್ಬಿ ಹೊತ್ತು ಬಂದ್ಲು. ಮಾಣಿಕಪ್ಪ ವರದಿ ಒಪ್ಪಿಸಿದ. "ಇವ ನಿಮ್ಮ ಗಂಡ ಅಂತಾನ್ರಿ ಮೇಡಂ. ಖರೇನಾ?"

ಅಕಿ ಡಬ್ಬಿ ಕೆಳಗ ಇಟ್ಲು. ಕಟಕಟಿ ಒಳಗ ನಿಂತ ನನಗ ಮ್ಯಾಲಿಂದ ಕೆಳಗ ನೋಡಿದ್ಲು. ನಿಧಾನ ನೋಡಿದ್ಲು.

"ಎಲ್ಲೋ ನೋಡಿದಂಗ ಅದ" ಅಂದ್ಲು.

"ಸುಮಿತ್ರಾ!"

"ಬಿಡ್ರಿ ಮಾಣಿಕಪ್ಪ. ನಮ್ಮವರೇ."

ಎಲ್ಲರೂ ಕೈ ಮುಗಿದ್ರು, ಚಾ ತರಿಸಿದ್ರು. ಆದ್ರ ನಾನು ಬರಕೊಂಡು ತಂದ ಸಾಕ್ಷಿ ಹಾಳಿ ಮ್ಯಾಲ ಯಾರೂ ಸಹಿ ಮಾಡಲಿಲ್ಲ! ಗಂಗೂಬಾಯಿ ಹೆಬ್ಬೆಟ್ಟು ಸೆರಗಿನಾಗ ಮುಚ್ಚಿ ಇಟ್ಕೊಂಡ್ಲು.

"ಈ ಎಮ್ಮಿ ಸಾಯ್ಲಿಕತ್ತಾಗ ನಾ 'ಬಿರಾದಾರ ಮೇಡಂ' ಅಂತ ಫೋನಿನಾಗ ಅತ್ತಿದ್ದೆ. ರಸ್ತಾದ ಮ್ಯಾಲ ಮೊಣಕಾಲು ನೀರು, ಅಂಥಾದ್ರಾಗ ಬಂದಿದ್ರು. ಆ ಹೆಸರಿಗೆ ನೀ ಕೈ ಹಚ್ಚಬ್ಯಾಡಪ್ಪ. ನಾಳೆ ಯಾವಾಕಿನೋ ಭಾಗ್ಯಶ್ರೀ ಬಂದು ಈ ದವಾಖಾನಿ ನಂದೇ ಅಂದ್ರ ನಾವೇನು ಮಾಡೋಣು?"

ಬೋರ್ಡಿನ ಕಡಿ ನೋಡಿದೆ. ಖರೇ ಹೇಳ್ತೇನಿ, ನನ್ನ ಸಂಶಯದ ಬುಡದಾಗ ಸಂಶಯ ಇರಲೇ ಇಲ್ಲ. ಇಷ್ಟು ಮಂದಿ ಮಾನ ಕೊಡೋ ಜಾಗಾದಾಗ ನನ್ನ ಹೆಸರೂ ಒಂದು ಮೂಲ್ಯಾಗ ಇರಲಿ ಅನ್ನೋ ಆಸಿ ಇತ್ತು. ಹೊಟ್ಟಿಕಿಚ್ಚು ಅನ್ರಿ, ಅದೂ ಸರಿನೇ.

ಉಳಿದದ್ದು ಮನಿಯ ಹಿರಿಯರ ಸಾಕ್ಷಿ. ಮೆಹಕರದಾಗ ಅಣ್ಣನ ಜೋಡಿ ಇರೋ ಅವ್ವನ್ನ ಕರಕೊಂಡು, ಲಗ್ನದ ಆಲ್ಬಮ್ ಬಗಲಿಗೆ ಇಟ್ಕೊಂಡು, ನಾವು ಮೂವರೂ ಬೀದರಕ್ಕ ಹೋದೆವು. ವಿಚಾರಣಿ ಮಾಡೋ ಅಧಿಕಾರಿನೂ ಹೆಣ್ಮಗಳು. ಮೇಜಿನ ಮ್ಯಾಲ ಹೆಸರಿನ ಫಲಕ. ಇದು ತವರುಮನಿದೋ ಗಂಡನ ಮನಿದೋ ಅಂತ ನನ್ನ ಕಣ್ಣು ಅಲ್ಲೇ ಹೋಯ್ತು. ಸುಮಿತ್ರಾ ನನ್ನ ಕಾಲು ತುಳಿದ್ಲು.

"ಯಜಮಾನ್ತಿಯವರೇ, ಭಾಗ್ಯಶ್ರೀ ಅಂದ್ರ ಯಾರು?" ಅಂತ ಅಧಿಕಾರಿ ಅವ್ವನ್ನ ಕೇಳಿದ್ರು.

ಅವ್ವ ವಿಚಾರ ಮಾಡಿದ್ಲು. "ಭಾಗ್ಯಶ್ರೀ? ನಮ್ಮ ಪೈಕಿ ಯಾರೂ ಇಲ್ಲವಲ್ಲವ್ವ."

"ಅವ್ವಾ! ನೆನಪು ಮಾಡ್ಕೋ! ಭಾಗ್ಯಶ್ರೀ!"

ಅವ್ವ ನನ್ನ ಕಡಿ ತಿರುಗಿದ್ಲು. ಅಕಿ ಕಣ್ಣು ಸಣ್ಣ ಆದ್ವು. ಸಂಶಯ ನನಗ ಎಲ್ಲಿಂದ ಬಂದದ ಅಂತ ಅವಾಗ ತಿಳೀತು.

"ವೈಜ್ಯಾ, ಯಾರೋ ಅಕಿ? ಎಷ್ಟು ದಿನದಿಂದ ನಡೆದದ ಇದು? ಬಂಗಾರದಂಥಾ ಡಾಕ್ಟರವ್ವನ್ನ ಬಿಟ್ಟು... ಥೂ ನಿನ್ನ!" ಅಂತ ಕೈಯಾಗಿನ ಚೀಲದಿಂದ ನನಗ ಎರಡು ಬಾರಿಸಿದ್ಲು. ಗುಮಾಸ್ತ ಮೂಲ್ಯಾಗ ಕೂತು ಇದನ್ನೂ ಬರಕೊಂಡ!

ಲಗು ಲಗು ಆಲ್ಬಮ್ ಬಿಚ್ಚಿದೆ. ಅಕ್ಕಿ ತಾಟಿನ ಫೋಟೋ ಇತ್ತು. ಅಕ್ಕಿ ಒಳಗ 'ಭಾಗ್ಯಶ್ರೀ', ಅದರ ಮ್ಯಾಲ ನನ್ನ ಉಂಗುರದ ಬೆರಳು, ಬಾಜೂಕ ಸುಮಿತ್ರಾ. ಅವ್ವ ಬಗ್ಗಿ ನೋಡಿದ್ಲು.

"ಅಯ್ಯ, ಇದೇನು! ಆ ಅಕ್ಕಿ ಮರುದಿನ ಅನ್ನ ಮಾಡಿ ಉಂಡೇವಲ್ಲೋ! ಹೆಸರು ಅವಾಗೇ ಮುಗೀತು."

ಅಧಿಕಾರಿ ನಕ್ಕರು. ಆಮ್ಯಾಲ ನಗು ನಿಲ್ಲಿಸಿ ಸುಮಿತ್ರಾನ್ನ ಕೇಳಿದ್ರು. "ಈ ಹೆಸರು ಬರೆಯೋವಾಗ ನಿಮ್ಮನ್ನ ಯಾರರ ಕೇಳಿದ್ರೇನು?"

"ಇಲ್ಲರಿ."

ನಾನು ಫೋಟೋ ನೋಡಿದೆ. ಹದಿನಾಕು ವರ್ಷದಾಗ ಎಷ್ಟು ಸಲ ನೋಡೀನೋ ಏನೋ. ಸುತ್ತ ನಿಂತವರೆಲ್ಲಾ ತಾಟು ನೋಡಿ ನಗ್ಲಿಕತ್ತಾರ. ಅಕಿ ಒಬ್ಬಾಕಿ ನಗ್ತಿಲ್ಲ. ಇದನ್ನ ನಾನು ಅಂದೇ ಮೊದಲ ಸಲ ನೋಡಿದೆ. ಪ್ರತಿಯೊಂದರ ಬುಡ ಬಗ್ಗಿ ನೋಡೋ ಮನುಷ್ಯಾ ನಾನು!

ಅಲ್ಲೇ ಕೂತು ಹೇಳಿಕಿ ಬರೆದುಕೊಟ್ಟೆ. 'ನನಗೆ ಒಬ್ಬಳೇ ಪತ್ನಿ ಇರುತ್ತಾರೆ. ಅವರ ಹೆಸರು ಡಾ. ಸುಮಿತ್ರಾ ಬಿರಾದಾರ. ಭಾಗ್ಯಶ್ರೀ ಎಂಬುವವರು ಅಕ್ಕಿಯಲ್ಲಿ ಮಾತ್ರ ಇದ್ದು, ಮರುದಿನವೇ ಊಟವಾಗಿರುತ್ತಾರೆ. ಮುಂದೆ ಇಂತಹ ಸರ್ಪ್ರೈಜ್ ನೀಡುವುದಿಲ್ಲವೆಂದು ಈ ಮೂಲಕ ಪ್ರಮಾಣೀಕರಿಸುತ್ತೇನೆ.' ಕೆಳಗ ಸಹಿ ಮಾಡಿದೆ. ಈ ಸಲ ಸ್ವಂತದ್ದು.

ಫೋಟೋ ನೋಡಿ ಊರಿನ ಇಬ್ಬರ ಸಾಕ್ಷಿ ಕೈಬಿಟ್ರು, ಫೈಲ್ ಶುದ್ಧ ಆಯ್ತು. ಬಡ್ತಿನೂ ಬಂತು. ಆದ್ರ ನನ್ನ ಇಬ್ಬರು ಹೆಂಡಂದಿರ ವಿಚಾರಣಿ ಮುಗಿಯೋದ್ರೊಳಗ ಭಾಲ್ಕಿ ಹುದ್ದಿ ಪಟ್ಟಿ ಒಳಗಿನ ಎರಡನೇದವರಿಗೆ ಹೋಗಿಬಿಟ್ಟಿತ್ತು. ಸುಮಿತ್ರಾಗೆ ಔರಾದ ಕಡಿ ಅದೇ ದವಾಖಾನಿ ಒಳಗೇ ಕೊಟ್ರು. ಗಂಗೂಬಾಯಿ ಪೇಢೆ ಹಂಚಿದ್ಲಂತ. ನನ್ನ ಹೆಂಡ್ತಿ ಮುಂಜಾನಿ ಮೊದಲನೇ ಬಸ್ಸಿಗೆ ಈಗಲೂ ಕಂಬಿ ಹಿಡಿದೇ ಹೋಗ್ತಾಳ. ನಾನು ಸ್ಟ್ಯಾಂಡಿನ ತನಕ ಗಾಡಿ ಮ್ಯಾಲ ಬಿಟ್ಟು ಬರ್ತೇನಿ. ಅಕಿ ಅಪ್ಪ ಸೈಕಲ್ ಮ್ಯಾಲ ಬಿಡ್ತಿದ್ದ. ಬಿಡೋದು ಎಷ್ಟು ಲಗು ಏಳೋ ಕೆಲಸ ಅಂತ ಈಗ ತಿಳಿದದ.

ಹೋದ ಐತವಾರ ಸುಮಿತ್ರಾ ಒಂದು ತಾಟಿನಾಗ ಅಕ್ಕಿ ಹರವಿ ತಂದು ನನ್ನ ಮುಂದ ಇಟ್ಲು.

"ಕೂಡ್ರಿ. ಉಂಗುರ ತೆಗೀರಿ" ಅಂದ್ಲು.

ತಾಟು, ಅಕ್ಕಿ, ಉಂಗುರ! ಅಕಿ ಪಾಳಿ ಬಂತು. ಈಗ ನನಗ ಹೆಸರು ಇಡ್ತಾಳ. ಏನು ಇಡ್ತಾಳೋ? ಬೋರ್ಡಿನ ಮ್ಯಾಲ ಬರೆಸಿದ್ರ ಅಂಗಡಿ ಗತಿ ಏನು? ಇರಲಿ, ನನಗೂ ಕೇಳದೇ ಇಡಲಿ, ನನ್ನ ತಪ್ಪಿಗೆ ಇದೇ ಸರಿ ಅಂತ ಧೈರ್ಯ ಮಾಡಿ ಉಂಗುರ ತೆಗೆದು ಅಕಿ ಕೈಯಾಗ ಕೊಟ್ಟೆ.

"ಬರಿ" ಅಂದೆ.

"ಏನು ಬರೀಲಿ?" ಅಂದ್ಲು ಸುಮಿತ್ರಾ. "ಉಂಗುರ ಅಕ್ಕಿ ಒಳಗ ಬಿದ್ದೀತು ಅಂತ ತೆಗೀರಿ ಅಂದೆ. ಇದರಾಗ ಕಲ್ಲು, ಹಳ್ಳು ಭಾಳ ಅವ. ಆರಿಸ್ರಿ."

ಒಂದು ತಾಸು ಕೂತು ಒಂದೊಂದೇ ಹಳ್ಳು ಆರಿಸಿದೆ. ಆರಿಸಿ ಮುಗಿದ ಮ್ಯಾಲ ಅಕಿ ತಾಟು ಕಿಟಕಿ ಬೆಳಕಿಗೆ ಒಯ್ದು, ಚಾಳೀಸ್ ಹಾಕ್ಕೊಂಡು, ಮೊದಲಿಂದ ಮತ್ತ ತಾನೇ ಆರಿಸ್ಲಿಕ್ಕ ಶುರು ಮಾಡಿದ್ಲು.

"ಯಾಕ, ನನ್ನ ಮ್ಯಾಲ ನಂಬಿಕಿ ಇಲ್ಲೇನು?" ಅಂದೆ.

ಅಕಿ ನಾನು ಬಿಟ್ಟಿದ್ದ ಒಂದು ಹಳ್ಳು ತೆಗೆದು ನನ್ನ ಕೈಯಾಗ ಇಟ್ಲು.